ಬೇಸಿಗೆಯಲ್ಲೇ ಮೊದಲಾಗುವ ದೀಪಾವಳಿಯ ಉಡುಗೊರೆ

ಕನ್ನಡ ನಾಡಿನಲ್ಲಿ ಒಂದು ಮನೆಯಿಂದ ಮತ್ತೊಂದು ಮನೆಗೆ ಸಾಗುವ ಉಡುಗೊರೆಗಳಲ್ಲಿ ಬಹುಪಾಲು ಹಿತ್ತಿಲು, ತೋಟ, ಹೊಲಗಳಿಂದಲೇ ಒದಗುತ್ತಿದ್ದ ಕಾಲವಿತ್ತು. ಗೌರಿ ಹಬ್ಬದ ಮರದ ಬಾಗಿನದಲ್ಲಿ ಬಿದಿರಿನ ಮೊರದೊಳಗೆ ಅಕ್ಕಿ, ಬೇಳೆ, ಬೆಲ್ಲ, ಅರಿಸಿನ, ತೆಂಗಿನಕಾಯಿಗಳು ಬಳೆ-ಬಿಚ್ಚೋಲೆಗಳೊಂದಿಗೆ ಕೂಡುತ್ತವೆ; ಸಂಕ್ರಾಂತಿಯ ಎಳ್ಳು-ಬೆಲ್ಲವನ್ನು ಮನೆಯ ಹೆಣ್ಣುಮಕ್ಕಳು ದಿನಗಟ್ಟಲೆ ಕೂತು ಹೆಚ್ಚಿ, ಒಣಗಿಸಿ, ಬೆರೆಸಿ ಬೀರುತ್ತಾರೆ; ಉತ್ತರ ಕರ್ನಾಟಕದಲ್ಲಿ ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹೊಲಿದು ಮಾಡಿದ ಕೌದಿ ಬಾಣಂತಿಯ ಜೊತೆ ತವರಿನಿಂದ ಗಂಡನ ಮನೆಗೆ ಹೋಗುತ್ತದೆ. ಈ ಉಡುಗೊರೆಗಳೆಲ್ಲ ತಿಂದು, ತೊಟ್ಟು, ಹಚ್ಚಿಕೊಂಡು ಮುಗಿಸುವಂಥವೇ ಹೊರತು ಗಾಜಿನ ಕಪಾಟಿನಲ್ಲಿ ಇಟ್ಟು ನೋಡುವಂಥವಲ್ಲ ಎಂಬುದು ಗಮನಾರ್ಹ. ಇಂದು ಮನೆಯಲ್ಲೇ ಉಡುಗೊರೆ ತಯಾರಿಸಹೊರಡುವವರು ಅಲಂಕಾರಕ್ಕೆ ಕೊಡುವಷ್ಟು ಗಮನವನ್ನು ಈ ಬಳಕೆಯ ಗುಣಕ್ಕೂ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಕೆಲಸ ಕಾಲವನ್ನು ಅರಿತು ನಡೆಯುವುದು. ನೈಸರ್ಗಿಕ ವಸ್ತುವಿಗೆ ತನ್ನದೇ ಆದ ಋತುವಿದೆ. ಸೀಗೆಕಾಯಿ, ಸುರಗಿ ಹೂವು, ಮುತ್ತುಗದ ಹೂವು, ಮುರುಗಲು ಹಣ್ಣುಗಳೆಲ್ಲ ಚಳಿಗಾಲದ ಕೊನೆಯಿಂದ ಬೇಸಿಗೆಯ ಕೊನೆಯವರೆಗಿನ ಅವಧಿಯಲ್ಲಿ ಒಂದರ ಹಿಂದೊಂದು ಸಿಗುತ್ತವೆ, ಆದರೆ ಉಡುಗೊರೆ ಕೊಡುವ ಹಬ್ಬಗಳು ಬಹುಮಟ್ಟಿಗೆ ಭಾದ್ರಪದದಿಂದ ಕಾರ್ತಿಕದವರೆಗೆ ಬರುತ್ತವೆ. ಇವೆರಡರ ನಡುವೆ ಇಡೀ ಮಳೆಗಾಲವಿದ್ದು, ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನನ್ನೂ ಸರಿಯಾಗಿ ಒಣಗಿಸಲಾಗುವುದಿಲ್ಲ. ಹಬ್ಬ ಹದಿನೈದು ದಿನವಿರುವಾಗ ಕೆಲಸಕ್ಕೆ ತೊಡಗಿದವರ ಪುಡಿಯಲ್ಲಿ ಹುಳು ಬೀಳುವುದಕ್ಕೂ, ಪೊಟ್ಟಣದಲ್ಲಿ ಬೂಷ್ಟು ಕಟ್ಟುವುದಕ್ಕೂ ಮೂಲ ಕಾರಣ ಇದೇ ಆಗಿರುವುದರಿಂದ, ದೀಪಾವಳಿಗೆ ಕೊಡಬೇಕಾದುದನ್ನು ಮಾಘ-ಫಾಲ್ಗುಣದಲ್ಲೇ ಕೂಡಿಡಲು ಆರಂಭಿಸುವುದು ಸರಿಯಾದ ಕ್ರಮ.

ಒಣಗಿಸುವ ಕ್ರಮ

ಒಣಗಿಸುವುದೆಂದರೆ ಬಿಸಿಲಿಗೆ ಹರಡುವುದಷ್ಟೇ ಎಂದು ತಿಳಿಯುವುದು ಸರಿಯಲ್ಲ. ಸುವಾಸನೆಗಾಗಿ ಬಳಸುವ ಹೂವು, ಎಲೆ, ಬೇರುಗಳಲ್ಲಿ ವಾಸನೆಯನ್ನು ಹೊತ್ತಿರುವುದು ಆವಿಯಾಗುವ ಎಣ್ಣೆ. ಇಂಥವನ್ನು ಉರಿಬಿಸಿಲಿಗಿಟ್ಟರೆ ನೀರಿನೊಂದಿಗೆ ಆ ಎಣ್ಣೆಯೂ ಹಾರಿಹೋಗುತ್ತದೆ, ಆದ್ದರಿಂದ ಅವನ್ನು ಗಾಳಿಯಾಡುವ ನೆರಳಿನಲ್ಲಿ, ಚಾಪೆ ಅಥವಾ ಹತ್ತಿ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ದಿನಕ್ಕೊಮ್ಮೆ ಮಗುಚುತ್ತಾ ಒಂದು ವಾರದ ಮಟ್ಟಿಗೆ ಆರಿಸಬೇಕು. ಇದಕ್ಕೆ ವಿರುದ್ಧವಾಗಿ ಸೀಗೆಕಾಯಿ, ಅಂಟುವಾಳ, ದಾಳಿಂಬೆ ಸಿಪ್ಪೆಗಳಂಥವುಗಳಲ್ಲಿ ಉಪಯುಕ್ತವಾದ ಅಂಶ ಬಿಸಿಲಿಗೆ ಹಾರಿಹೋಗುವಂಥದ್ದಲ್ಲದ ಕಾರಣ ಅವುಗಳಿಗೆ ಖಡಕ್ ಬಿಸಿಲೇ ಒಳ್ಳೆಯದು. ಒಣಗಿದ್ದರ ಗುರುತನ್ನು ಕೈಯಿಂದಲೇ ತಿಳಿಯಬಹುದು: ಎಲೆ ಹಿಸುಕಿದರೆ ಪುಡಿಯಾಗಬೇಕು, ಬೇರು ಬಾಗದೆ ಲಟಕ್ಕನೆ ಮುರಿಯಬೇಕು, ಸೀಗೆಕಾಯಿಯನ್ನು ಅಲುಗಿಸಿದರೆ ಒಳಗಿನ ಬೀಜ ಸದ್ದು ಮಾಡಬೇಕು.

ಒಣಗಿದ್ದನ್ನು ಮಳೆಗಾಲ ದಾಟಿಸುವುದು ಇನ್ನೊಂದು ಹಂತ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇದಕ್ಕೆ ಒದಗಿಬರುತ್ತಿತ್ತು, ಆದರೆ ಹೊಗೆಯ ವಾಸನೆ ಹಿಡಿಯುವುದರಿಂದ ಸುಗಂಧದ ಹೂಗಳಿಗೆ ಅದು ಒಗ್ಗುವುದಿಲ್ಲ. ಬಿಗಿಯಾದ ಮುಚ್ಚಳದ ಗಾಜಿನ ಭರಣಿ ಅಥವಾ ಸ್ಟೀಲ್ ಡಬ್ಬಿಯ ತಳದಲ್ಲಿ, ಚೆನ್ನಾಗಿ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟು, ಅದರ ಮೇಲೆ ಒಣಗಿದ ವಸ್ತುವನ್ನು ತುಂಬಿದರೆ ಒಳಗೆ ಉಳಿದ ತೇವವನ್ನು ಅಕ್ಕಿ ಹೀರಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಆ ಗಂಟನ್ನು ಮತ್ತೆ ಹುರಿದಿಡಬೇಕು.

ಬಟ್ಟೆಯ ಪೆಟ್ಟಿಗೆಗೆ ಸುಗಂಧದ ಚೀಲ

ಮನೆಯಲ್ಲಿ ಮಾಡಬಹುದಾದ ಉಡುಗೊರೆಗಳಲ್ಲಿ ಅತಿ ಸುಲಭವಾದುದೂ ಬಹುಕಾಲ ಬಾಳುವುದೂ ಸೀರೆ, ಶಾಲುಗಳ ನಡುವೆ ಇಡುವ ಪುಟ್ಟ ಸುಗಂಧದ ಚೀಲ. ಇದಕ್ಕೆ ಯಾವ ಹೂವನ್ನಾದರೂ ತುಂಬಬಹುದೆಂಬ ಭಾವನೆಯಿಂದ ಹಲವರು ಮಲ್ಲಿಗೆಯನ್ನು ಒಣಗಿಸಿ ನಿರಾಶರಾಗುತ್ತಾರೆ. ಮಲ್ಲಿಗೆ ಕೊಯ್ದ ಬಳಿಕವೂ ಕೆಲವು ಗಂಟೆಗಳವರೆಗೆ ತನ್ನ ಪರಿಮಳವನ್ನು ಹೊಸದಾಗಿ ಉಂಟುಮಾಡುತ್ತಲೇ ಇರುತ್ತದೆ, ಆದರೆ ಅದನ್ನು ಎಸಳಿನಲ್ಲಿ ಕೂಡಿಡುವುದಿಲ್ಲ. ಹೂವು ಬಾಡಿದೊಡನೆ ಪರಿಮಳವೂ ಮುಗಿಯುತ್ತದೆ. ಒಣಗಿದ ಮೇಲೂ ಗಂಧವನ್ನು ಬಿಟ್ಟುಕೊಡದ ಹೂಗಳು ಬೇರೆಯೇ ಇವೆ, ಮತ್ತು ಅವುಗಳಲ್ಲಿ ಕರ್ನಾಟಕಕ್ಕೆ ಆಪ್ತವಾದವು ಸುರಗಿ ಹಾಗೂ ರಂಜ. ಸುರಗಿ ಅಥವಾ ಸುರಹೊನ್ನೆ ಪಶ್ಚಿಮಘಟ್ಟದ ಎರಡೂ ಮಗ್ಗುಲಲ್ಲಿ ಬೆಳೆಯುವ ಎತ್ತರದ ಮರವಾಗಿದ್ದು, ಫೆಬ್ರವರಿ-ಮಾರ್ಚ್ ಹೊತ್ತಿಗೆ ಅದರ ಕೊಂಬೆಗಳ ತುಂಬ ಬಿಳಿಯ ಎಸಳು, ಹಳದಿ ಕೇಸರಗಳ ಹೂ ಮುತ್ತುತ್ತದೆ. ಅದರ ಒಣಗಿದ ಮಾಲೆಯನ್ನು ತಿಂಗಳುಗಳ ನಂತರವೂ ನೀರು ಚಿಮುಕಿಸಿ ಮುಡಿಯುವ ವಾಡಿಕೆ ಕರಾವಳಿಯಲ್ಲಿದೆ. ಬಕುಳವೆಂದೂ ಹೆಸರಿರುವ ರಂಜದ ಹೂ ಬೆಳಗಿನ ಜಾವ ತಾನಾಗಿ ಉದುರುವುದರಿಂದ, ಮರದ ಕೆಳಗೆ ಬಟ್ಟೆ ಹಾಸಿಟ್ಟರೆ ಮಣ್ಣಾಗದೆ ಸಿಗುತ್ತದೆ. ಇವುಗಳೊಂದಿಗೆ, ಒಣಗಿದಷ್ಟೂ ಪರಿಮಳ ಗಾಢವಾಗುವ ದವನವನ್ನೂ ಸೇರಿಸಬಹುದು.

ಆದರೆ ಚೀಲಕ್ಕೆ ತಳಹದಿ ಲಾವಂಚವೇ. ಹುಲ್ಲಿನ ಕುಟುಂಬಕ್ಕೆ ಸೇರಿದ ಈ ಗಿಡದ ಬೇರು ನೆಲದೊಳಗೆ ನೇರವಾಗಿ ಎರಡು-ಮೂರು ಮೀಟರ್ ಆಳಕ್ಕಿಳಿಯಬಲ್ಲದು, ಮತ್ತು ಅದರ ಎಣ್ಣೆ ಬಹಳ ನಿಧಾನವಾಗಿ ಆವಿಯಾಗುವ ಸ್ವಭಾವದ್ದಾದ್ದರಿಂದ ಬೇಗ ಹಾರಿಹೋಗುವ ಇತರ ಪರಿಮಳಗಳನ್ನೂ ಹಿಡಿದಿಡುತ್ತದೆ. ಸುಗಂಧದ್ರವ್ಯ ತಯಾರಕರು ಅದಕ್ಕೆ ಬೆಲೆ ಕೊಡುವುದು ಈ ಗುಣಕ್ಕಾಗಿಯೇ. ಗ್ರಂಥಿಗೆ ಅಂಗಡಿಯಲ್ಲಿ ಒಣಬೇರು ಸುಲಭವಾಗಿ ಸಿಗುತ್ತದಾದರೂ, ಮನೆಯ ಅಂಗಳದಲ್ಲೇ ಬೆಳೆಯಬಯಸುವವರು ಅಕ್ಕಿಯ ಹಳೆಯ ಚೀಲದಲ್ಲಿ ಮರಳು, ಮಣ್ಣು, ಗೊಬ್ಬರವನ್ನು ಬೆರೆಸಿ ತುಂಬಿ ಅದರಲ್ಲಿ ಸಸಿ ನೆಡುವುದು ಜಾಣತನ, ಏಕೆಂದರೆ ನೆಲದಲ್ಲಿ ಆಳಕ್ಕಿಳಿದ ಬೇರನ್ನು ಅಗೆದು ತೆಗೆಯುವ ಶ್ರಮ ಇದರಿಂದ ಉಳಿಯುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಚೀಲವನ್ನು ಸೀಳಿ, ಮಣ್ಣು ತೊಳೆದು, ಬುಡದಲ್ಲಿ ಒಂದು ಗೇಣು ಉಳಿಸಿಕೊಂಡು ಮರುನೆಡಬಹುದು.

ಹತ್ತು ಸೆಂಟಿಮೀಟರ್ ಅಗಲ, ಹನ್ನೆರಡು ಸೆಂಟಿಮೀಟರ್ ಉದ್ದದ ತೆಳು ಹತ್ತಿ ಬಟ್ಟೆಯ ಚೀಲಕ್ಕೆ ಒಂದಂಗುಲದ ತುಂಡುಗಳಾಗಿ ಕತ್ತರಿಸಿದ ಲಾವಂಚ 20 ಗ್ರಾಂ, ಒಣ ಸುರಗಿ ಅಥವಾ ರಂಜ 5 ಗ್ರಾಂ, ಒಂದು ಚಿಟಿಕೆ ದವನ, ನಾಲ್ಕಾರು ಲವಂಗ ಸಾಕು. ಕೀಟಗಳು ಹತ್ತಿರ ಬರದಂತೆ ಹಿಂದಿನವರು ಬಜೆಯ ಬೇರಿನ ತುಂಡನ್ನೂ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅದನ್ನು ಸೇರಿಸುವುದಾದರೆ ಚೀಲ ಚಿಕ್ಕ ಮಕ್ಕಳ ಬಾಯಿಗೆ ಹೋಗದಂತೆ ಎಚ್ಚರಿಕೆಯನ್ನೂ ಬರೆದುಕೊಡಬೇಕು. ಚೀಲವನ್ನು ಜರತಾರಿಗೆ ನೇರವಾಗಿ ತಾಗಿಸದೆ ಸೀರೆಗಳ ಅಂಚಿನಲ್ಲಿ ಇಡಬೇಕೆಂದೂ, ಪರಿಮಳ ಕುಂದಿದಾಗ ಬೇರಿಗೆ ನೀರು ಚಿಮುಕಿಸಿ ನೆರಳಲ್ಲಿ ಮತ್ತೆ ಆರಿಸಿದರೆ ಅದು ಮರಳುತ್ತದೆಂದೂ ತಿಳಿಸುವುದು ಒಳ್ಳೆಯದು. ಇಂಥ ಚೀಲ ಹುಳುವನ್ನು ದೂರವಿಡಲು ನೆರವಾಗುತ್ತದೆಯೇ ಹೊರತು ಆಗಲೇ ಸೇರಿಕೊಂಡ ಹುಳುವನ್ನು ಕೊಲ್ಲುವುದಿಲ್ಲವಾದ್ದರಿಂದ, ರೇಷ್ಮೆ ಸೀರೆಗಳನ್ನು ಆಗಾಗ ಬಿಚ್ಚಿ ಗಾಳಿಗೆ ಹಾಕಿ ಮಡಿಕೆ ಬದಲಿಸುವ ಕೆಲಸ ಅದರಿಂದ ತಪ್ಪುವುದಿಲ್ಲ.

ಎಣ್ಣೆಸ್ನಾನದ ಪುಡಿ

ನರಕಚತುರ್ದಶಿಯ ಎಣ್ಣೆಸ್ನಾನಕ್ಕೆ ಮನೆಯಲ್ಲಿ ಮಾಡಿದ ಸೀಗೆಪುಡಿಗಿಂತ ಹೊಂದುವ ಉಡುಗೊರೆ ಇಲ್ಲವೆನ್ನಬೇಕು. ಸೀಗೆಕಾಯಿ ಮತ್ತು ಅಂಟುವಾಳಗಳೆರಡರಲ್ಲೂ ಸಪೋನಿನ್ ಎಂಬ ಅಂಶವಿದೆ. ಇದರ ಕಣದ ಒಂದು ತುದಿ ಎಣ್ಣೆಗೂ ಇನ್ನೊಂದು ತುದಿ ನೀರಿಗೂ ಅಂಟುವ ಸ್ವಭಾವದ್ದಾದ್ದರಿಂದ ಜಿಡ್ಡು ನೀರಿನೊಂದಿಗೆ ತೊಳೆದುಹೋಗುತ್ತದೆ. ಅರ್ಧ ಕಿಲೋ ಸೀಗೆಕಾಯಿಗೆ ಬೀಜ ತೆಗೆದ ಅಂಟುವಾಳ 50 ಗ್ರಾಂ, ಮೆಂತ್ಯ 100 ಗ್ರಾಂ, ಹೆಸರುಕಾಳು 100 ಗ್ರಾಂ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ ಎರಡು ಹಿಡಿ ಎಂಬ ಪ್ರಮಾಣ ಹೆಚ್ಚಿನವರ ಕೂದಲಿಗೆ ಒಗ್ಗುತ್ತದೆ. ಹಳೆ ಮೈಸೂರಿನ ಕಡೆ ಚಿಗರೆ ಪುಡಿ ಸಿಕ್ಕರೆ ಅಂಟುವಾಳದ ಬದಲು ಅದನ್ನೇ 100 ಗ್ರಾಂ ಸೇರಿಸಬಹುದು. ಎಲ್ಲವನ್ನೂ ಎರಡು ದಿನ ಬಿಸಿಲಿಗೆ ಕಾಯಿಸಿ ಗಿರಣಿಗೆ ಕೊಡುವಾಗ ಆಹಾರದ ಹಿಟ್ಟು ಬೀಸುವ ಯಂತ್ರಕ್ಕೆ ಇದನ್ನು ಹಾಕಿಸಬಾರದು, ಮತ್ತು ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಏಕೆಂದರೆ ಈ ಧೂಳು ಮೂಗು, ಗಂಟಲುಗಳನ್ನು ಕೆರಳಿಸುತ್ತದೆ. ಕಣ್ಣಿಗೆ ಬಿದ್ದರಂತೂ ಉರಿ ಜೋರು. ಗಿರಣಿಯಿಂದ ಬಂದ ಪುಡಿ ಬಿಸಿಯಾಗಿರುತ್ತದೆಯಾದ್ದರಿಂದ ಪೂರ್ತಿ ಆರುವ ಮೊದಲು ಡಬ್ಬಿಗೆ ತುಂಬಿದರೆ ಒಳಗೆ ಬೆವರು ಕೂತು ಗಂಟುಗಟ್ಟುತ್ತದೆ.

ಅಂಟುವಾಳವನ್ನು ಕುದಿಸಿದ ದ್ರವವನ್ನು ಸೀಸೆಯಲ್ಲಿ ತುಂಬಿ ಕೊಡುವ ರೂಢಿಯೂ ಈಚೆಗೆ ಕಾಣುತ್ತದೆ, ಆದರೆ ಅದು ಒಳ್ಳೆಯ ಆಯ್ಕೆಯಲ್ಲ. ಸಂರಕ್ಷಕವಿಲ್ಲದ ಇಂಥ ನೀರು ನಾಲ್ಕೈದು ದಿನಗಳಲ್ಲಿ ಹುಳಿಯಾಗಿ ನಾರುತ್ತದೆ. ಒಣ ಅಂಟುವಾಳದ ಸಿಪ್ಪೆಯನ್ನೇ ಬಟ್ಟೆಯ ಚೀಲದಲ್ಲಿ ಕೊಟ್ಟು, ಹತ್ತು ಸಿಪ್ಪೆಗೆ ಅರ್ಧ ಲೀಟರ್ ನೀರು ಹಾಕಿ ಕುದಿಸಿ ಅಂದಂದೇ ಬಳಸಲು ತಿಳಿಸಿದರೆ, ರೇಷ್ಮೆ, ಉಣ್ಣೆ, ಚಿನ್ನದ ಒಡವೆಗಳನ್ನು ತೊಳೆಯಲು ವರ್ಷವಿಡೀ ಒದಗುತ್ತದೆ. ಕೊಡಗಿನಿಂದ ಬಿಳಿಗಿರಿರಂಗನಬೆಟ್ಟದವರೆಗಿನ ಕಾಡಂಚಿನಲ್ಲಿ ಸೀಗೆಕಾಯಿ, ಅಂಟುವಾಳ, ಜೇನುಗಳ ಸಂಗ್ರಹವನ್ನೇ ನೆಚ್ಚಿದ ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳಿದ್ದು, ಅವರ ಹಕ್ಕಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಮಾನ್ಯತೆಯೂ ಇದೆ. ಪಟ್ಟಣದವರು ರಜೆಯಲ್ಲಿ ಕಾಡಿಗೆ ಹೋಗಿ ಕೈಗೆ ಸಿಕ್ಕಿದ್ದನ್ನು ಕಿತ್ತು ತರುವುದಕ್ಕಿಂತ ಗಿರಿಜನರ ಸಹಕಾರ ಸಂಘಗಳ ಮಳಿಗೆಯಲ್ಲಿ ಕೊಳ್ಳುವುದು ಎಲ್ಲ ರೀತಿಯಿಂದಲೂ ಸರಿ.

ಮುರುಗಲು ತುಪ್ಪದ ಮುಲಾಮು

ಉತ್ತರ ಕನ್ನಡದಲ್ಲಿ ಮುರುಗಲೆಂದೂ ದಕ್ಷಿಣ ಕನ್ನಡದಲ್ಲಿ ಪುನರ್ಪುಳಿಯೆಂದೂ ಕರೆಯುವ ಹಣ್ಣಿನ ಸಿಪ್ಪೆಯಿಂದ ಪಾನಕ ಮಾಡುವುದು ಎಲ್ಲರಿಗೂ ತಿಳಿದಿದೆ. ಏಪ್ರಿಲ್-ಮೇ ತಿಂಗಳಲ್ಲಿ ರಾಶಿ ಬಿಸಾಡುವ ಅದರ ಬೀಜದಲ್ಲಿ ತೂಕದ ಸುಮಾರು ಕಾಲು ಭಾಗದಷ್ಟು ಗಟ್ಟಿ ಕೊಬ್ಬಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಬೀಜವನ್ನು ತೊಳೆದು ಎಂಟು-ಹತ್ತು ದಿನ ಒಣಗಿಸಿ, ಸಿಪ್ಪೆ ಒಡೆದು, ತಿರುಳನ್ನು ಕುಟ್ಟಿ ಪುಡಿ ಮಾಡಿ, ಧಾರಾಳ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ರಾತ್ರಿಯಿಡೀ ಆರಲು ಬಿಟ್ಟು, ಹೆಪ್ಪುಗಟ್ಟಿದ ಪದರವನ್ನು ತೆಗೆದು, ಮತ್ತೆ ಸಣ್ಣ ಉರಿಯಲ್ಲಿ ಕಾಯಿಸಿ, ಬೆಣ್ಣೆ ಕಾಯಿಸುವಾಗ ಕೇಳುವಂಥ ಚಟಪಟ ಸದ್ದು ನಿಲ್ಲುವವರೆಗೆ ನೀರನ್ನು ಆರಿಸಿ ಸೋಸಬೇಕು. ಒಡೆದ ಹಿಮ್ಮಡಿಗೂ ತುಟಿಗೂ ಇದನ್ನು ಹಚ್ಚುವ ರೂಢಿ ಘಟ್ಟದ ಮನೆಗಳಲ್ಲಿ ಹಳೆಯದು.

ಮುರುಗಲು ತುಪ್ಪ ಕೋಣೆಯ ಶಾಖದಲ್ಲಿ ಗಟ್ಟಿಯಾಗಿ, ಪುಡಿಪುಡಿಯಾಗಿ ಒಡೆಯುವಂಥದ್ದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವಂಥದ್ದು. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕು. ಈ ಮೂರನ್ನು ಕ್ರಮವಾಗಿ 30, 50, 20 ಗ್ರಾಂ ತೆಗೆದುಕೊಂಡು, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಒಣ ಪಾತ್ರೆಯನ್ನಿಟ್ಟು, ಮೊದಲು ಮೇಣ, ಅದು ಕರಗಿದ ಮೇಲೆ ತುಪ್ಪ ಮತ್ತು ಎಣ್ಣೆ ಎಂಬ ಅನುಕ್ರಮದಲ್ಲಿ ಕರಗಿಸಿದರೆ ಬೆರಳಿಗೆ ಮೆತ್ತಗೆ ಹತ್ತುವ ಮುಲಾಮು ಸಿದ್ಧವಾಗುತ್ತದೆ. ಡಬ್ಬಿಗೆ ಹೊಯ್ಯುವ ಮುನ್ನ ಒಂದು ಹನಿಯನ್ನು ತಣ್ಣನೆಯ ಚಮಚದ ಮೇಲೆ ಬಿಟ್ಟು ನೋಡಿ, ಗಟ್ಟಿಯೆನಿಸಿದರೆ ಎಣ್ಣೆಯನ್ನೂ ತೆಳುವೆನಿಸಿದರೆ ಮೇಣವನ್ನೂ ಇಷ್ಟಿಷ್ಟೇ ಸೇರಿಸಬಹುದು. ಕಲಬುರಗಿ, ರಾಯಚೂರಿನ ಬಿಸಿಲಿಗೆ ಕಳಿಸುವುದಾದರೆ ಮೇಣದ ಪ್ರಮಾಣ 25 ಗ್ರಾಂ ಇರಲಿ. ಇದಕ್ಕೆ ಲೋಳೆಸರ, ಪನ್ನೀರು, ನಿಂಬೆರಸ ಮುಂತಾದ ನೀರಿನಂಶದ ಯಾವುದನ್ನೂ ಸೇರಿಸಕೂಡದು. ನೀರಿಲ್ಲದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯಲಾರವಾದ್ದರಿಂದಲೇ ಸಂರಕ್ಷಕವಿಲ್ಲದೆಯೂ ಮುಲಾಮು ಆರು ತಿಂಗಳವರೆಗೆ ಕೆಡದೆ ಉಳಿಯುತ್ತದೆ. ಹನಿ ನೀರು ಸೇರಿದರೂ ಆ ರಕ್ಷಣೆ ತಪ್ಪುತ್ತದೆ. ಪಡೆದವರು ಮೊದಲು ಮುಂಗೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಲಿ ಎಂಬ ಸೂಚನೆಯೂ ಇರಬೇಕು. ನೆಂಟರಿಷ್ಟರಿಗೆ ಕೊಡುವುದಕ್ಕೆ ಅಡ್ಡಿಯಿಲ್ಲವಾದರೂ, ಇಂಥದ್ದನ್ನು ಮಾರಾಟಕ್ಕಾಗಿ ತಯಾರಿಸುವವರಿಗೆ 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯಡಿ ಪರವಾನಗಿ ಅಗತ್ಯ.

ಸಿಪ್ಪೆಯ ಬಣ್ಣದ ಬಟ್ಟೆ

ಉಡುಗೊರೆ ಸುತ್ತಲು ಬಣ್ಣದ ಕಾಗದದ ಬದಲು ಕರವಸ್ತ್ರ, ಚೌಕದ ಬಟ್ಟೆಗಳನ್ನು ಬಳಸಿದರೆ ಹೊದಿಕೆಯೂ ಉಡುಗೊರೆಯ ಭಾಗವಾಗುತ್ತದೆ. ಹತ್ತಿಗೆ ಗಿಡದ ಬಣ್ಣ ತಾನಾಗಿ ಹಿಡಿಯದ ಕಾರಣ, ಬಣ್ಣಕ್ಕೂ ನೂಲಿಗೂ ನಡುವೆ ಕೊಂಡಿಯಾಗುವ ವಸ್ತುವೊಂದು ಬೇಕು. ಅದನ್ನು ಬಣ್ಣಬಂಧಕವೆನ್ನುತ್ತಾರೆ, ಮತ್ತು ಮನೆಬಳಕೆಗೆ ನಿರಪಾಯವಾದ ಬಣ್ಣಬಂಧಕ ಪಟಿಕ. ಒಂದು ಮೀಟರ್ ತೆಳು ಹತ್ತಿ ಬಟ್ಟೆ, ಅಂದರೆ ಸುಮಾರು 100 ಗ್ರಾಂ ಬಟ್ಟೆಗೆ, ಅದನ್ನು ಸಾಬೂನಿನಲ್ಲಿ ಕುದಿಸಿ ಗಂಜಿ ತೆಗೆದ ಮೇಲೆ, 20 ಗ್ರಾಂ ಅಳಲೆಕಾಯಿ ಪುಡಿಯ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಜಾಲಿಸದೆ ಒಣಗಿಸಬೇಕು. ಅನಂತರ 15 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಎರಡು ಗಂಟೆ ಅದ್ದಿಟ್ಟು ಮತ್ತೆ ಒಣಗಿಸಬೇಕು. 100 ಗ್ರಾಂ ಒಣ ದಾಳಿಂಬೆ ಸಿಪ್ಪೆಯನ್ನು ಮೂರು ಲೀಟರ್ ನೀರಿನಲ್ಲಿ ಒಂದು ಗಂಟೆ ಕುದಿಸಿ ಸೋಸಿದ ಕಷಾಯದಲ್ಲಿ, ಜಾಲಿಸಿದ ಈ ಬಟ್ಟೆಯನ್ನು ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಅದರಲ್ಲೇ ಆರಲು ಬಿಟ್ಟು ನೆರಳಲ್ಲಿ ಒಣಗಿಸಿದರೆ ಸಾಸಿವೆಯ ಛಾಯೆಯ ಹಳದಿ ಬರುತ್ತದೆ. ಈರುಳ್ಳಿ ಸಿಪ್ಪೆಯಿಂದ ಕಿತ್ತಳೆಯತ್ತ ವಾಲುವ ಹಳದಿಯೂ, ಮುತ್ತುಗದ ಒಣಹೂವಿನಿಂದ ತಿಳಿ ಹಳದಿಯೂ ಇದೇ ಕ್ರಮದಲ್ಲಿ ಸಿಗುತ್ತವೆ.

ಬೂದು ಬಣ್ಣ ಬೇಕೆನ್ನುವವರು ಕಲಂಕಾರಿ ಕಸುಬಿನವರ ಉಪಾಯವನ್ನು ಅನುಸರಿಸಬಹುದು: ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಎರಡು-ಮೂರು ವಾರ ಹುದುಗಿಸಿದಾಗ ಸಿಗುವ ಕಬ್ಬಿಣದ ನೀರಿನಲ್ಲಿ ದಾಳಿಂಬೆಯ ಬಟ್ಟೆಯನ್ನು ಒಂದೆರಡು ನಿಮಿಷ ಅದ್ದಿದೊಡನೆ ಹಳದಿ ಹೋಗಿ ಹಸಿರುಮಿಶ್ರಿತ ಬೂದು ಮೂಡುತ್ತದೆ. ಹೆಚ್ಚು ಹೊತ್ತು ಅದ್ದಿದರೆ ಕಬ್ಬಿಣ ನೂಲನ್ನೇ ಜೀರ್ಣಗೊಳಿಸುತ್ತದೆ. ಅರಿಸಿನದ ಬಣ್ಣ ಕಣ್ಣಿಗೆ ಎಷ್ಟೇ ಚೆಂದವಾದರೂ ಬಿಸಿಲಿಗೆ ಬೇಗ ಮಾಸುತ್ತದೆ, ಸಾಬೂನು ತಾಗಿದರೆ ಕೆಂಪಾಗುತ್ತದೆ. ಹಾಗಾಗಿ ಕೊಡುವ ಬಟ್ಟೆಗೆ ಅದು ಯೋಗ್ಯವಲ್ಲ. ಬಣ್ಣಕ್ಕೆ ಸ್ಟೀಲ್ ಪಾತ್ರೆಯೊಂದನ್ನು ಪ್ರತ್ಯೇಕವಾಗಿಟ್ಟು, ಅದನ್ನು ಮತ್ತೆ ಅಡುಗೆಗೆ ಬಳಸಬಾರದು.

ಕಟ್ಟು ಮತ್ತು ಚೀಟಿ

ಅಡಿಕೆ ತೋಟವಿರುವ ಕಡೆ ಉದುರಿದ ಹಾಳೆಯೇ ಒಳ್ಳೆಯ ಪೆಟ್ಟಿಗೆ. ಕರಾವಳಿಯ ಕೃಷಿಕರು ತಲೆಗಿಡುವ ಮುಟ್ಟಾಳೆಯೂ ಇದರದ್ದೇ. ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಮೆದುವಾದಾಗ ಬೇಕಾದಂತೆ ಮಡಿಸಿ, ಮೂಲೆಗಳಿಗೆ ಬಿದಿರ ಕಡ್ಡಿ ಚುಚ್ಚಿ, ಭಾರ ಹೇರಿ ಒಣಗಿಸಿದರೆ ಆಕಾರ ನಿಲ್ಲುತ್ತದೆ. ಕೊಳೆರೋಗ ತಡೆಯಲು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದ ಹಾಳೆಯ ಮೇಲೆ ನೀಲಿ ಕಲೆ ಉಳಿದಿರಬಹುದಾದ್ದರಿಂದ, ಅದನ್ನು ಉಜ್ಜಿ ತೊಳೆದು ಬಳಸುವುದೂ, ತಿನ್ನುವ ವಸ್ತುವನ್ನು ಅದರಲ್ಲಿ ನೇರವಾಗಿ ಇಡದಿರುವುದೂ ಕ್ಷೇಮ. ಕಟ್ಟಲು ಬಾಳೆಯ ಒಣ ನಾರು ಸಾಕು. ಕಟ್ಟುವ ಮುನ್ನ ಒದ್ದೆ ಕೈಯಿಂದ ಸವರಿದರೆ ಅದು ಹರಿಯುವುದಿಲ್ಲ.

ಪ್ರತಿ ಉಡುಗೊರೆಯೊಂದಿಗೆ ಏನೇನು ಸೇರಿದೆ, ಯಾವಾಗ ಮಾಡಿದ್ದು, ಹೇಗೆ ಬಳಸಬೇಕು, ಎಷ್ಟು ದಿನದೊಳಗೆ ಮುಗಿಸಬೇಕು ಎಂಬ ನಾಲ್ಕು ಸಾಲಿನ ಚೀಟಿ ಇರಲೇಬೇಕು. ಚೀಟಿಯಿಲ್ಲದ ಪುಡಿಯ ಡಬ್ಬಿ ಅಡುಗೆಮನೆಯ ಮೂಲೆ ಸೇರಿ ಯಾವುದೆಂದು ತಿಳಿಯದೆ ಕಸಕ್ಕೆ ಹೋಗುವುದೇ ಹೆಚ್ಚು. ವಿದೇಶದಲ್ಲಿರುವ ಮಕ್ಕಳು, ಬಂಧುಗಳಿಗೆ ಕಳಿಸುವವರು ಇನ್ನೊಂದನ್ನು ಗಮನಿಸಬೇಕು: ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಂಥ ದೇಶಗಳು ಗಿಡದ ಬೇರು, ಬೀಜ, ಒಣಹೂಗಳನ್ನು ಒಳಬಿಡುವ ಮುನ್ನ ಘೋಷಣೆ ಮತ್ತು ತಪಾಸಣೆಗಳನ್ನು ಕಡ್ಡಾಯ ಮಾಡಿವೆಯಾದ್ದರಿಂದ, ಅಲ್ಲಿಗೆ ಲಾವಂಚದ ಚೀಲ ಅಥವಾ ಹಾಳೆಯ ಪೆಟ್ಟಿಗೆಗಿಂತ ದಾಳಿಂಬೆ ಬಣ್ಣದ ಬಟ್ಟೆಯನ್ನು ಕಳಿಸುವುದು ಸುಲಭ.